ಕನ್ನಡಿಯ ದಾಸ್ಯ

ಮುಖಕ್ಕೆ ಲೇಪ ಹಚ್ಚುವುದು ಪಾಪವೆಂದು ಯಾವ ವಿವೇಕಿಯೂ ಹೇಳನು. ಅರಿಸಿನ ಚಂದನಗಳು ದೇವರ ಮನೆಯಲ್ಲಿಯೇ ಇವೆ. ಆಕ್ಷೇಪವಿರುವುದು ಲಜ್ಜೆಯನ್ನು ಹುಟ್ಟಿಸಿ ಮದ್ದನ್ನು ಮಾರುವ ವ್ಯಾಪಾರದ ಮೇಲೆ. ೧೯೭೫ರಲ್ಲಿ ಪೇಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ಯು ಕಪ್ಪು ಬಣ್ಣವನ್ನು ಕೊರತೆಯೆಂದು ಸಾರುತ್ತ ೪೫ ವರ್ಷ ಬಾಳಿತು. ೨೦೨೦ರಲ್ಲಿ ‘ಫೇರ್’ ಹೋಗಿ ‘ಗ್ಲೋ’ ಬಂದಿತು. ಇಷ್ಟಕ್ಕೇ ಹಿಗ್ಗಬೇಕೇ? ಅಂಗಡಿಯು ಕೈಬಿಟ್ಟ ಮಾತನ್ನು ಮೊಬೈಲು ಎತ್ತಿಕೊಂಡಿದೆ. ಇನ್‌ಸ್ಟಾಗ್ರಾಂನ ಒಡೆಯರೇ ಮಾಡಿಸಿದ ಪರಿಶೋಧನೆಯ ಕಾಗದಗಳು ೨೦೨೧ರಲ್ಲಿ ಹೊರಬಿದ್ದವು: ತಮ್ಮ ಶರೀರದ ವಿಷಯದಲ್ಲಿ ಮೊದಲೇ ನೊಂದಿದ್ದ ಬಾಲೆಯರಲ್ಲಿ ನೂರಕ್ಕೆ ೩೨ ಮಂದಿ, ಅದರಿಂದ ಆ ನೋವು ಹೆಚ್ಚಿತೆಂದು ಹೇಳಿದ್ದರು. ಒಡೆಯರು ಅರಿಯದೆ ನಡೆದ ಅನ್ಯಾಯವಲ್ಲವಿದು.

ಹನ್ನೆರಡನೆಯ ಶತಮಾನದಲ್ಲಿ ಉಡುತಡಿಯ ಮಹಾದೇವಿಯಕ್ಕನು ಅರಮನೆಯನ್ನೂ ಉಡುಗೆತೊಡುಗೆಯನ್ನೂ ತೊರೆದು ನಡೆದಳೆಂದು ಪರಂಪರೆಯು ಹೇಳುತ್ತದೆ. ಆಕೆ ಚೆಲುವನ್ನು ಹಳಿದವಳಲ್ಲ. ಚೆನ್ನಮಲ್ಲಿಕಾರ್ಜುನನೆಂಬ ಅಂಕಿತದಲ್ಲಿಯೇ ಚೆಲುವಿದೆ. ತನಗೆ ಬೆಲೆಕಟ್ಟುವ ಅಧಿಕಾರವನ್ನು ಮಾತ್ರ ಕೌಶಿಕನ ಕಣ್ಣಿಗೆ ಕೊಡಲಿಲ್ಲ. ಆಕೆಯ ವಚನಗಳನ್ನು ಸಂಜೆ ಹಾಡಿಸುವ ಸುಶಿಕ್ಷಿತ ಕುಟುಂಬಗಳೇ ಮರುದಿನ ವಧುವಿನ ಮೈಬಣ್ಣವನ್ನು ವಿಚಾರಿಸುವುದು ಎಂತಹ ಭಕ್ತಿ? ದೇವರೆದುರು ಬಣ್ಣದ ಲೆಕ್ಕವಿಲ್ಲವೆಂಬ ನಂಬಿಕೆಯು ನಿಜವಾದರೆ, ಅದು ಮೊದಲು ನಡುಮನೆಗೆ ಬರಬೇಕು. ‘ಬಿಸಿಲಿಗೆ ಹೋಗಬೇಡ, ಕಪ್ಪಾಗುವೆ’ ಎಂದು ಆರು ವರ್ಷದ ಮಗುವಿಗೆ ಹೇಳಿದವರು ಮೊಬೈಲಿನವರೇ, ಮನೆಯ ಹಿರಿಯರೇ?