ಹಳಮೆಯ ಬಣ್ಣ, ಹಳಮೆಯ ಪ್ರಮಾಣ

ಹಳೆಯ ವಸ್ತುವಿನ ಮೇಲೆ ಕಾಲವು ಮೂಡಿಸಿದ ಗುರುತು ದೋಷವೋ ಸಾಕ್ಷ್ಯವೋ ಎಂಬ ಪ್ರಶ್ನೆ ಹಸ್ತಪ್ರತಿಗಳೊಡನೆ ವ್ಯವಹರಿಸುವವರಿಗೆ ಹೊಸದಲ್ಲ. ಹುಳು ತಿಂದ ಓಲೆಗರಿ, ಮಾಸಿದ ಮಸಿ, ಅಂಚಿನ ಟಿಪ್ಪಣಿ ಇವೆಲ್ಲ ಗ್ರಂಥದ ಚರಿತ್ರೆಯ ಭಾಗಗಳೇ. ಸ್ವಿಟ್ಜರ್ಲೆಂಡಿನ ಹಳೆಯ, ಬೆಲೆಬಾಳುವ ಕೈಗಡಿಯಾರಗಳ ಸಂಗ್ರಾಹಕರೂ ಇದೇ ಪ್ರಶ್ನೆಯನ್ನು ಎದುರಿಸುತ್ತಾರೆ. ಅವರು ಕಂಡುಕೊಂಡಿರುವ ಉತ್ತರದಲ್ಲಿ ವಿವೇಕವಿದೆ, ಅಪಾಯವೂ ಇದೆ.

1950 ಮತ್ತು 60ರ ದಶಕಗಳಲ್ಲಿ ರೋಲೆಕ್ಸ್, ಒಮೆಗಾ ಮೊದಲಾದ ಸಂಸ್ಥೆಗಳು ತಯಾರಿಸಿದ ಕೆಲವು ಕಪ್ಪು ಡಯಲ್‌ಗಳು ಬಿಸಿಲು, ತೇವಗಳಿಗೆ ಸಿಲುಕಿ ಕ್ರಮೇಣ ಕಂದುಬಣ್ಣಕ್ಕೆ ತಿರುಗಿದವು. ಅಂದು ಅದು ತಯಾರಿಕೆಯ ಕುಂದು. ದುರಸ್ತಿಗೆ ಬಂದ ಗಡಿಯಾರಕ್ಕೆ ಹೊಸ ಡಯಲ್ ಹಾಕಿಕೊಡುವುದು ವಾಡಿಕೆಯಾಗಿತ್ತು. ಇಂದು ಅದೇ ಕಂದುಬಣ್ಣ ‘ಟ್ರಾಪಿಕಲ್ ಡಯಲ್’ ಎಂಬ ಹೆಸರಿನಲ್ಲಿ, ಕೆಡದೆ ಉಳಿದ ಕಪ್ಪು ಡಯಲಿಗಿಂತಲೂ ಹೆಚ್ಚಿನ ಬೆಲೆಯನ್ನು ತರುತ್ತದೆ.

ಇದನ್ನು ಸಿರಿವಂತರ ಶೋಕಿಯೆಂದಷ್ಟೇ ತಳ್ಳಿಹಾಕುವಂತಿಲ್ಲ. ಮಾಸಿದ ಡಯಲ್, ಓದಬಲ್ಲವರಿಗೆ ಒಂದು ದಾಖಲೆ. ಕತ್ತಲಲ್ಲಿ ಹೊಳೆಯಲೆಂದು ಅಂಕಿಗಳಿಗೂ ಮುಳ್ಳುಗಳಿಗೂ ಮೊದಲು ರೇಡಿಯಂ ಬೆರೆತ ಬಣ್ಣವನ್ನು, 1960ರ ದಶಕದಿಂದೀಚೆಗೆ ಟ್ರಿಟಿಯಂ ಬೆರೆತ ಬಣ್ಣವನ್ನು ಬಳಿಯುತ್ತಿದ್ದರು. ಡಯಲಿನ ಕೆಳಅಂಚಿನಲ್ಲಿ ಕಾಣುವ ಇಂಗ್ಲಿಷಿನ ‘ಟಿ’ ಅಕ್ಷರ ಟ್ರಿಟಿಯಂನ ಸೂಚನೆ. ಅದರ ಅರ್ಧಾಯು ಸುಮಾರು 12 ವರ್ಷ. ಆದ್ದರಿಂದ 60ರ ದಶಕದ ಗಡಿಯಾರವೊಂದು ಇಂದೂ ಪ್ರಖರವಾಗಿ ಬೆಳಗಿದರೆ ಅದರ ಬಣ್ಣ ಮೂಲದ್ದಲ್ಲವೆಂದು ಶಂಕಿಸಬೇಕಾಗುತ್ತದೆ. ರೇಡಿಯಂನ ಅರ್ಧಾಯು ಸುಮಾರು 1600 ವರ್ಷ. ಆದರೆ ಹೊಳಪು ನೀಡುವ ಸತುವಿನ ಸಲ್ಫೈಡ್ ಆ ವಿಕಿರಣದಿಂದಲೇ ಹಾಳಾಗುವುದರಿಂದ, ವಿಕಿರಣ ಉಳಿದರೂ ಬೆಳಕು ನಂದಿರುತ್ತದೆ. ಹಳೆಯ ಬಣ್ಣವನ್ನು ಕೆರೆದು ಹೊಸದನ್ನು ಬಳಿದಾಗ ಈ ಸಾಕ್ಷ್ಯಗಳೆಲ್ಲ ಒಮ್ಮೆಗೇ ಅಳಿಯುತ್ತವೆ. ತನಗೆ ಅರ್ಥವಾಗದ ಪದವನ್ನು ತಿಳಿದ ಪದವಾಗಿ ತಿದ್ದುವ ಲಿಪಿಕಾರನ ಸದುದ್ದೇಶದಂತಹುದೇ ಇದು: ಪ್ರತಿ ಅಂದವಾಗುತ್ತದೆ, ಪಾಠ ನಷ್ಟವಾಗುತ್ತದೆ. ಡಯಲನ್ನು ಮುಟ್ಟದೆ ಬಿಡಬೇಕೆಂಬ ಸಂಗ್ರಾಹಕರ ನಿಲುವು ಈ ಅರ್ಥದಲ್ಲಿ ಸರಿಯಾದುದೇ.

ಆದರೆ ಸಾಕ್ಷ್ಯಕ್ಕೆ ಬೆಲೆ ಬಂದಲ್ಲಿ ಸುಳ್ಳುಸಾಕ್ಷ್ಯವೂ ಹುಟ್ಟುತ್ತದೆ. 2021ರ ನವೆಂಬರಿನಲ್ಲಿ ಫಿಲಿಪ್ಸ್ ಸಂಸ್ಥೆ ಜಿನೀವಾದಲ್ಲಿ ನಡೆಸಿದ ಹರಾಜಿನಲ್ಲಿ, 1957ರದೆನ್ನಲಾದ ಕಂದು ಡಯಲಿನ ಒಮೆಗಾ ಸ್ಪೀಡ್‌ಮಾಸ್ಟರ್ 31 ಲಕ್ಷಕ್ಕೂ ಹೆಚ್ಚು ಸ್ವಿಸ್ ಫ್ರಾಂಕ್‌ಗಳಿಗೆ ಮಾರಾಟವಾಯಿತು. ಹರಾಜಿಗೆ ಮುನ್ನ ಅಂದಾಜಿಸಿದ್ದ ಬೆಲೆ 80,000ದಿಂದ 1,20,000 ಫ್ರಾಂಕ್ ಮಾತ್ರ. ಕೊಂಡದ್ದು ಒಮೆಗಾದ ವಸ್ತುಸಂಗ್ರಹಾಲಯವೇ. ಅದು ಬೇರೆ ಬೇರೆ ಗಡಿಯಾರಗಳ ಭಾಗಗಳನ್ನು ಕೂಡಿಸಿ ಕಟ್ಟಿದ್ದೆಂದೂ ಆ ವಂಚನೆಯಲ್ಲಿ ತನ್ನ ಮಾಜಿ ನೌಕರರ ಕೈವಾಡವಿತ್ತೆಂದೂ 2023ರಲ್ಲಿ ಒಮೆಗಾ ಸಂಸ್ಥೆಯೇ ತಿಳಿಸಿತು.

ತಯಾರಿಸಿದ ಮನೆಯೇ ಮೋಸಹೋದ ಈ ಪ್ರಸಂಗ, ಹಳಮೆಯ ಬಣ್ಣ ಬೇರೆ, ಹಳಮೆಯ ಪ್ರಮಾಣ ಬೇರೆ ಎಂಬುದನ್ನು ಸ್ಪಷ್ಟಪಡಿಸುತ್ತದೆ. ಗರಿಗಳೆಲ್ಲ ಹಳೆಯವಾಗಿದ್ದೂ ಕಟ್ಟು ಮಾತ್ರ ನಿನ್ನೆಯದಾಗಿರುವ ಹಸ್ತಪ್ರತಿಯಂತೆ, ಬಿಡಿಭಾಗಗಳು ಹಳೆಯವಾದ ಮಾತ್ರಕ್ಕೆ ಗಡಿಯಾರ ಪ್ರಾಚೀನವಾಗದು. ಕವಚ, ಯಂತ್ರ, ಡಯಲ್, ಮುಳ್ಳುಗಳು ಒಂದೇ ಕಾಲವನ್ನು ಹೇಳುತ್ತವೆಯೇ, ಅವು ಒಟ್ಟಾಗಿಯೇ ಸವೆದಿವೆಯೇ, ಯಾರ ಕೈಯಿಂದ ಯಾರ ಕೈಗೆ ಬಂದವು ಎಂಬುದನ್ನು ಪರಿಶೀಲಿಸಿದ ಮೇಲೆಯೇ ಬಣ್ಣದ ಮಾತು. ಗ್ರಂಥ ಸಂಪಾದಕನು ಪ್ರತಿಯೊಂದರ ಪ್ರಾಮಾಣ್ಯವನ್ನು ನಿರ್ಣಯಿಸುವ ಕ್ರಮವೂ ಇದೇ.

ಕಾಲದ ಗುರುತಿಗೆ ಗೌರವ ಸಲ್ಲುವುದು ಅದನ್ನು ಯಾರೂ ಉದ್ದೇಶಪೂರ್ವಕವಾಗಿ ಬರೆಯಲಿಲ್ಲವೆಂಬ ಕಾರಣಕ್ಕೆ. ಆ ಗುರುತಿಗೇ ಲಕ್ಷಗಟ್ಟಲೆ ಬೆಲೆ ಕಟ್ಟುವ ಮಾರುಕಟ್ಟೆ, ಅದನ್ನು ಉದ್ದೇಶಪೂರ್ವಕವಾಗಿ ಬರೆಯುವವರಿಗೆ ಆಹ್ವಾನವನ್ನೂ ತಾನೇ ಕಳುಹಿಸುತ್ತಿರುತ್ತದೆ.