ನಡುವಿನ ಹೆಸರು ಯಾರಪ್ಪಂದು?

ಮಗಳಿಗೆ ಹೆಸರು ಹುಡುಕಲು ನಮ್ಮ ಮನೆಮಂದಿಯೆಲ್ಲ ಹನ್ನೆರಡು ದಿನ ತಲೆ ಕೆಡಿಸಿಕೊಂಡರು. ನಕ್ಷತ್ರದ ಅಕ್ಷರ ಕೇಳಿಕೊಂಡು ಬಂದರು. ಹುಬ್ಬಳ್ಳಿಯ ನಾದಿನಿ ವಾಟ್ಸಾಪ್‌ನಲ್ಲಿ ಉದ್ದದ ಪಟ್ಟಿ ಕಳಿಸಿದಳು. ಕರೆಯಲು ಸರಳ ಇರಬೇಕು, ಅರ್ಥ ಇರಬೇಕು, ಓಣಿಯಲ್ಲಿ ಇನ್ನೊಂದು ಇರಬಾರದು. ಕೊನೆಗೆ ಎರಡಕ್ಷರದ ಒಂದು ಹೆಸರಿಗೆ ಎಲ್ಲರೂ ಹೂಂ ಅಂದರು. "ನಡುವಿನ ಹೆಸರು?" ಎಂದು ಕೇಳಿದೆ. ತೊಟ್ಟಿಲ ಬಳಿ ಕೂತಿದ್ದ ಅತ್ತೆ ನನ್ನನ್ನೇ ನೋಡಿದರು. "ಅದರಾಗೇನೈತೆವ್ವಾ ಆರಿಸೂದು? ಅಪ್ಪನ ಹೆಸರು ಇದ್ದ ಇರತೈತಲ್ಲ."

"ನನ್ನ ಹೆಸರು ಹಾಕೋಣ್ರಿ" ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ನಾದಿನಿಯೇ ಹೇಳಿದಳು, "ವೈನಿ, ಅದು ಕೂಡೂದಿಲ್ಲ. ಕೇಳಾಕ ಛಂದ ಅನಸೂದಿಲ್ಲ."

ಈ 'ಕೂಡೂದಿಲ್ಲ' ಅನ್ನುವ ಮಾತಿನ ಮೇಲೆಯೇ ನನ್ನ ತಕರಾರು. ನಮ್ಮ ಜಿಲ್ಲೆಯಲ್ಲಿ ಶಿರಹಟ್ಟಿಯ ಫಕ್ಕೀರೇಶ್ವರನಿಗೆ ನಡೆದುಕೊಳ್ಳುವ ಮನೆಗಳಲ್ಲಿ ಫಕ್ಕೀರಪ್ಪಗಳಿದ್ದಾರೆ, ಮುಂಡರಗಿಯ ಅನ್ನದಾನೀಶ್ವರ ಮಠದ ಭಕ್ತರಲ್ಲಿ ಅಂದಾನೆಪ್ಪಗಳಿದ್ದಾರೆ. ಆ ಹೆಸರುಗಳ ಮೇಲೆ ನನಗೂ ಪ್ರೀತಿಯೇ. ಅಂಗನವಾಡಿಯ ಹಾಜರಿ ಪುಸ್ತಕ ತೆರೆದರೆ ಆದ್ಯಾ ಫಕ್ಕೀರಪ್ಪ, ಸಾನ್ವಿ ಅಂದಾನೆಪ್ಪ, ರಿತಿಕಾ ಹುಚ್ಚೀರಪ್ಪ ಅನ್ನುವಂಥ ಹೆಸರುಗಳೇ ಇರುತ್ತವೆ. ಇವು ಕಿವಿಗೆ ಕೂಡುತ್ತವೆಯೇ ಎಂದು ಯಾರಾದರೂ ಕೇಳಿದ್ದನ್ನು ನಾನು ಕಂಡಿಲ್ಲ. ಅಪ್ಪನ ಹೆಸರು ಎಂಥದಿದ್ದರೂ ನಡೆಯುತ್ತದೆ. ಅವ್ವನ ಹೆಸರು ಎಂದಕೂಡಲೇ ಎಲ್ಲರಿಗೂ ಸಂಗೀತದ ಕಿವಿ ಬರುತ್ತದೆ.

ತನ್ನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು. ಹಳೆ ಮುಂಬೈ ಪ್ರಾಂತದಲ್ಲಿದ್ದ ನಮ್ಮ ಸೀಮೆಯ ಪದ್ಧತಿ ಇದು. ಹುಲಕೋಟಿಯವರಿಗಂತೂ ಇದನ್ನು ವಿವರಿಸಬೇಕಾಗಿಲ್ಲ. ಕೆ.ಎಚ್. ಪಾಟೀಲರೆಂದರೆ ಕೃಷ್ಣಗೌಡ ಹನುಮಂತಗೌಡ, ಅವರ ಮಗ ಎಚ್.ಕೆ. ಪಾಟೀಲರೆಂದರೆ ಹನುಮಂತಗೌಡ ಕೃಷ್ಣಗೌಡ. ಎರಡು ಅಕ್ಷರ ಅದಲುಬದಲಾದರೆ ಮೂರು ತಲೆಮಾರು ಓದಬಹುದು. ಗಂಡುಮಕ್ಕಳ ಮಟ್ಟಿಗೆ ಇದು ಚಲೋ ಲೆಕ್ಕ. ಹೆಣ್ಣುಮಕ್ಕಳಿಗೆ ಆ ನಡುವಿನ ಜಾಗ ಬಾಡಿಗೆ ಮನೆಯಿದ್ದ ಹಾಗೆ: ಮದುವೆತನಕ ಅಪ್ಪ ಇರುತ್ತಾನೆ, ಆಮೇಲೆ ಗಂಡ ಬರುತ್ತಾನೆ. ಅಡ್ಡಹೆಸರೂ ಅವನ ಜೊತೆಗೇ ಬದಲಾಗುತ್ತದೆ.

ಅದರ ಬೆಲೆ ಏನೆಂದು ನಾನು ಸ್ವತಃ ತೆತ್ತಿದ್ದೇನೆ. ನನ್ನ ಡಿಪ್ಲೊಮಾ ಸರ್ಟಿಫಿಕೇಟ್‌ನಲ್ಲಿ ಅಪ್ಪನ ಹೆಸರಿದೆ, ಆಧಾರ್‌ನಲ್ಲಿ ಗಂಡನ ಹೆಸರಿದೆ, ಸುದ್ದಿಗಳು ಅಚ್ಚಾಗುವುದು ಬರೀ ನನ್ನ ಹೆಸರಿನಲ್ಲಿ. ಒಮ್ಮೆ ಒಂದು ಪತ್ರಿಕೆ ಆರು ತಿಂಗಳ ಗೌರವಧನವನ್ನು ಒಂದೇ ಚೆಕ್‌ನಲ್ಲಿ ಕಳಿಸಿತು, ತವರಿನ ಹೆಸರಿನಲ್ಲಿ. "ಇದು ನೀವೇ ಅನ್ನಾಕ ಏನ್ ಗ್ಯಾರಂಟಿ ಮೇಡಂ?" ಎಂದು ಬ್ಯಾಂಕಿನವರು ಕೇಳಿದರು. ನೋಟರಿ, ಅಫಿಡವಿಟ್ಟು, ಎರಡು ದಿನದ ಓಡಾಟ. ಸ್ಟ್ರಿಂಗರ್‌ಗೆ ಎರಡು ದಿನ ಅಂದರೆ ಎಷ್ಟು ಸುದ್ದಿ ಎಂದು ಈ ಬ್ಲಾಗಿನ ಗೆಳೆಯರಿಗೆ ನಾನು ಹೇಳಬೇಕಿಲ್ಲ. ನಮ್ಮ ಮನೆಯವರು ಹುಟ್ಟಿದಾಗಿನಿಂದ ಒಂದೇ ಹೆಸರಿನಲ್ಲಿದ್ದಾರೆ.

ಅಪ್ಪನ ಹೆಸರೇ ನಡುವೆ ಇರಬೇಕೆಂದು ಯಾವ ಕಾನೂನಿನಲ್ಲಿದೆ? ಎಲ್ಲೂ ಇಲ್ಲ. ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರಿಗೆ ಒಂದು ಕಾಲಂ, ತಂದೆಯ ಹೆಸರಿಗೆ ಒಂದು ಕಾಲಂ ಬೇರೆಯೇ ಇದೆ. ಮಗುವಿನ ಹೆಸರಿನ ಕಾಲಂನಲ್ಲಿ ಏನು ಬರೆಸುತ್ತೇವೋ ಅದು ತಂದೆತಾಯಿಗೆ ಬಿಟ್ಟದ್ದು. ಹೆಸರು ನಿಕ್ಕಿಯಾಗಿರದಿದ್ದರೆ ಹಾಗೆಯೇ ನೋಂದಣಿ ಮಾಡಿಸಿ ಹನ್ನೆರಡು ತಿಂಗಳೊಳಗೆ ಸೇರಿಸಲೂ ಬರುತ್ತದೆ, 1969ರ ಜನನ ಮರಣ ನೋಂದಣಿ ಕಾಯ್ದೆಯ 14ನೇ ಕಲಮಿನಲ್ಲಿ ಅದಕ್ಕೆ ಅವಕಾಶವಿದೆ. 2023ರ ಅಕ್ಟೋಬರ್ 1ರಿಂದ ಇನ್ನೊಂದು ಬದಲಾವಣೆಯಾಗಿದೆ. ಆಮೇಲೆ ಹುಟ್ಟಿದವರಿಗೆ ಶಾಲೆ ಪ್ರವೇಶದಿಂದ ಪಾಸ್‌ಪೋರ್ಟ್‌ವರೆಗೆ ಹುಟ್ಟಿದ ದಿನದ ದಾಖಲೆ ಈ ಒಂದೇ ಕಾಗದ. ಅದರಲ್ಲಿ ಇಂದು ಬರೆಸಿದ್ದನ್ನು ನಾಳೆ ಅಫಿಡವಿಟ್ ಹಿಡಿದು ತಿದ್ದುವುದು ಮಗಳಿಗೆ ಬೇಡ.

ನಮ್ಮಂಥದೇ ಹೆಸರಿನ ಪದ್ಧತಿ ಇರುವ ಮಹಾರಾಷ್ಟ್ರ, 2024ರ ಮೇ 1ರಿಂದ ಹುಟ್ಟುವ ಮಕ್ಕಳ ಹೆಸರಿನಲ್ಲಿ ತಾಯಿಯ ಹೆಸರನ್ನೂ ಕಡ್ಡಾಯ ಮಾಡಿತು. ಮಗುವಿನ ಹೆಸರು, ತಾಯಿ, ತಂದೆ, ಅಡ್ಡಹೆಸರು. ಒಳ್ಳೆಯದೇ. ಆದರೆ ಮದುವೆಯಾದ ಹೆಣ್ಣಿಗೆ ಗಂಡನ ಹೆಸರಿನ ಹಳೆ ಪದ್ಧತಿಯನ್ನೇ ಮುಂದುವರಿಸಿತು. ಅವ್ವನೂ ಮದುವೆತನಕದ ಬಾಡಿಗೆಯವಳೇ ಆದಳು.

ಇನ್ನು ಯಾರೂ ಬಾಯಿಬಿಟ್ಟು ಹೇಳದ ಮಾತು. ಸಂಜೆ ಪಾತ್ರೆ ತೊಳೆಯುವಾಗ ಅತ್ತೆ ಮೆಲ್ಲಗೆ ಹೇಳಿದರು, "ಅವ್ವನ ಹೆಸರು ಹಚ್ಚಿದ್ರ ಮಂದಿ ಏನಂತಾರ, ನಿನಗ ಗೊತ್ತೈತಿ." ಗೊತ್ತಿದೆ. ಕೂಡೂದಿಲ್ಲ ಅನ್ನುವುದರ ನಿಜವಾದ ಅರ್ಥ ಇದೇ. ನಮ್ಮ ಕಡೆ ಅವ್ವನ ಹೆಸರು ಹೊತ್ತ ಮಗು ಅಂದರೆ ದೇವದಾಸಿಯ ಮಗು ಎಂದು ಲೆಕ್ಕ. 1982ರಲ್ಲೇ ದೇವದಾಸಿ ಪದ್ಧತಿಯ ನಿಷೇಧಕ್ಕೆ ಕಾಯ್ದೆ ಮಾಡಿದ ರಾಜ್ಯ ನಮ್ಮದು. ಅಷ್ಟಾದರೂ ಅವರ ಮಕ್ಕಳು ಶಾಲೆಯ ಅರ್ಜಿಯ 'ತಂದೆಯ ಹೆಸರು' ಎಂಬ ಸಾಲಿನ ಮುಂದೆ ತಲೆ ತಗ್ಗಿಸಿ ನಿಲ್ಲುವುದು ತಪ್ಪಲಿಲ್ಲ. ಆ ಸಾಲು ತುಂಬಲೇಬೇಕೆಂಬ ಒತ್ತಾಯ ತೆಗೆಯುವ ಮಸೂದೆಯನ್ನು ವಿಧಾನಮಂಡಲ ಒಪ್ಪಿದ್ದು 2025ರಲ್ಲಿ. ಅಂದರೆ ನನ್ನ ಹೆಸರಿನಲ್ಲಿ ನಾಚಿಕೆಯ ಸಂಗತಿ ಏನೂ ಇಲ್ಲ, ಆ ತಾಯಂದಿರನ್ನು ಹೀಗಳೆದು ನಾವೇ ಅವ್ವ ಅನ್ನುವ ಹೆಸರಿಗೆ ಕಳಂಕ ಹಚ್ಚಿದ್ದೇವೆ. ಅವರ ಮಕ್ಕಳನ್ನು ಗುರುತಿಸಲು ಅವ್ವನ ಹೆಸರೊಂದು ಮುದ್ರೆಯಾಗಿ ಉಳಿಯಬಾರದು ಅಂದರೆ ಉಳಿದವರೂ ಅದನ್ನು ಹಚ್ಚಿಕೊಳ್ಳಬೇಕು, ಮುದ್ರೆ ತಾನೇ ಅಳಿಸುತ್ತದೆ.

ಅತ್ತೆಗೆ ಗಂಗೂಬಾಯಿ ಹಾನಗಲ್ ಅಂದರೆ ಪ್ರಾಣ. ಅವರ ಗಂಡ ಗುರುರಾವ್ ಕೌಲಗಿ. ಗಂಗೂಬಾಯಿ ಕೌಲಗಿ ಎಂದು ಯಾರಾದರೂ ಕರೆದರೇ? ಜೊತೆಗೆ ಕೂತು ಹಾಡುತ್ತಿದ್ದ ಮಗಳು ಕೃಷ್ಣಾ ಕೂಡ ಹಾನಗಲ್ಲೇ, ಅವ್ವನ ಕಡೆಯಿಂದ ಬಂದ ಹೆಸರು. ಇದನ್ನು ಹೇಳಿದಾಗ ಅತ್ತೆ, "ಅವರು ದೊಡ್ಡವರು ಬಿಡು" ಅಂದರು. ದೊಡ್ಡವರಾದ ಮೇಲೆ ಅವ್ವನ ಹೆಸರು ಕೂಡುತ್ತದೆ ಅನ್ನುವುದಾದರೆ ಚಿಕ್ಕವಳಿಗೆ ಈಗಲೇ ಕೊಟ್ಟುಬಿಡೋಣ, ಎಂದೆ. ಅದಕ್ಕೆ ಉತ್ತರ ಬರಲಿಲ್ಲ.

ನಮ್ಮ ಮನೆಯವರು ಎರಡು ದಿನ ಮಾತು ಕಡಿಮೆ ಮಾಡಿದ್ದರು. ಮೂರನೇ ದಿನ ಊಟಕ್ಕೆ ಕೂತಾಗ, "ಅಡ್ಡಹೆಸರು ಹೆಂಗೂ ನಮ್ಮದ ಐತಿ. ನಡುವ ನಿಂದ ಇರ್ಲಿ. ಆದ್ರ ಅವ್ವಗ ನೀನ ಹೇಳು" ಅಂದರು. ಹೇಳುವ ಕೆಲಸ ಮಾತ್ರ ನನ್ನದು, ನೋಡಿ. ಮಗಳಿಗೆ ಈಗ ಎಂಟು ತಿಂಗಳು. ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಇನ್ನೂ ಖಾಲಿ ಇದೆ. ಅರ್ಜಿ ತುಂಬಿ ಬ್ಯಾಗಿನಲ್ಲಿಟ್ಟುಕೊಂಡಿದ್ದೇನೆ, ಸೋಮವಾರ ಗದಗಿಗೆ ಸುದ್ದಿಗೆ ಹೋದಾಗ ಕೊಟ್ಟು ಬರುತ್ತೇನೆ. ಅತ್ತೆಗೆ ಹೇಳಿದ್ದೇನೆ. "ಬರಿಯೂದ ಬರೀತಿ, ಸ್ಪೆಲಿಂಗ್ ತಪ್ಪಬ್ಯಾಡ" ಅಂದರು.