ಕೆಸರೂರಿನ ಬೆಂಕಿ

ಚಿಕ್ಕಮಗಳೂರು ಜಿಲ್ಲೆಯ ಭಂಡಿಗಡಿ ಕಡೆಯ ಕಾಲೇಜು ಹುಡುಗರ ಮೊಬೈಲಿನಲ್ಲೂ ಈಗ ‘ಹಂಗರ್ ಗೇಮ್ಸ್’ ಓಡುತ್ತದೆ. 2008ರಲ್ಲಿ ಪುಸ್ತಕ, 2012ರಲ್ಲಿ ಸಿನಿಮಾ. ಹಿರಿಯರು ಕೆಡಿಸಿಟ್ಟ ಲೋಕದಲ್ಲಿ ಹರೆಯದವರು ಜೀವ ಪಣಕ್ಕಿಟ್ಟು ಕಾದಾಡುವ ಕತೆ. ಅದು ಗೆದ್ದದ್ದೇ ತಡ, ಅದೇ ಅಚ್ಚಿನವು ಸಾಲುಗಟ್ಟಿದವು. ‘ಡೈವರ್ಜೆಂಟ್’ನವರಂತೂ ಕೊನೆಯ ಪುಸ್ತಕವನ್ನು ಎರಡು ಸಿನಿಮಾ ಮಾಡಲು ಹೋಗಿ, 2016ರಲ್ಲಿ ಮೊದಲರ್ಧ ಮಕಾಡೆ ಮಲಗಿದ ಮೇಲೆ ಉಳಿದರ್ಧವನ್ನು ತೆಗೆಯಲೇ ಇಲ್ಲ. ಆದರೆ ಇದೇ ಜಿಲ್ಲೆಯ ಮೂಡಿಗೆರೆಯಲ್ಲಿ ಕೂತು ತೇಜಸ್ವಿ 1985ರಷ್ಟು ಹಿಂದೆಯೇ ‘ಚಿದಂಬರ ರಹಸ್ಯ’ ಕಾದಂಬರಿ ಬರೆದಿದ್ದರಲ್ಲ! ಅಲ್ಲಿ ಸರ್ವಾಧಿಕಾರಿಯಿಲ್ಲ, ಕಣ್ಗಾವಲಿನ ಯಂತ್ರವಿಲ್ಲ. ಏಲಕ್ಕಿ ಇಳುವರಿ ಕುಸಿಯುತ್ತದೆ, ಲಂಟಾನ ಎಲ್ಲೆಂದರಲ್ಲಿ ಹಬ್ಬುತ್ತದೆ, ಜಾತಿ-ಮತದ ಗುಸುಗುಸು ಏಳುತ್ತದೆ, ಕಾಲೇಜು ಹುಡುಗರು ಕ್ರಾಂತಿಯ ಮಾತಾಡುತ್ತಾರೆ. ಕಡೆಗೆ ಕಾದಂಬರಿಯ ಊರಾದ ಕೆಸರೂರು ಹೊತ್ತಿ ಉರಿಯುತ್ತದೆ. ‘ಹಂಗರ್ ಗೇಮ್ಸ್’ನ ದೇಶ ಪನೆಮ್‌ಗಿಂತ ನನಗೆ ಈ ಊರಿನದೇ ಹೆಚ್ಚು ದಿಗಿಲು, ಬಸ್ಸು ಹತ್ತಿದರೆ ಸಿಕ್ಕಿಬಿಡುವಂಥದ್ದು. ಕಾರ್ನಾಡರು ಈ ಕಾದಂಬರಿಯನ್ನು ಕಿರುತೆರೆಗೆ ತಂದಿದ್ದರು. 2023ರಲ್ಲಿ ತೇಜಸ್ವಿ ಅಭಿಮಾನಿಗಳೇ ದುಡ್ಡು ಹಾಕಿ ಅವರ ಕತೆ ‘ಡೇರ್‌ಡೆವಿಲ್ ಮುಸ್ತಾಫಾ’ವನ್ನು ಸಿನಿಮಾ ಮಾಡಿಸಿದರು. ಅದೂ ಕಾಲೇಜು ಹುಡುಗರ ಕತೆಯೇ. ಆ ಅಭಿಮಾನಿಗಳೇ ‘ಚಿದಂಬರ ರಹಸ್ಯ’ಕ್ಕೂ ಕೈ ಹಾಕಬಾರದೆ? ಎರಡು ಭಾಗ ಮಾಡದಿದ್ದರೆ ಸಾಕು.